ಕೆಡೆಟ್ ಪೈಲಟ್ ಆಯ್ಕೆ: ಮುಂಬಯಿ, ಪುಣೆ, ಗೋವಾದ ಕನ್ನಡಿಗ ಅಭ್ಯರ್ಥಿಗಳಿಗೆ ಮತ್ತು ಹೆತ್ತವರಿಗೆ ಒಂದು ಕೈಪಿಡಿ

ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಪೈಲಟ್ ಆಗುವ ಮಾತೆತ್ತಿದಾಗ ಮುಂಬಯಿಯ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಮೊದಲು ಏಳುವ ಪ್ರಶ್ನೆ, ‘ಅಲ್ಲಿ ನಮಗೆ ಗುರುತಿನವರು ಯಾರಿದ್ದಾರೆ?’ ಎಂಬುದು. ಹೋಟೆಲು, ಬ್ಯಾಂಕು, ಗಿರಣಿಗಳಲ್ಲಿ ದುಡಿದು ಇಲ್ಲಿ ನೆಲೆ ಕಂಡುಕೊಂಡ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಮಂದಿಗೆ ಊರಿನವರ, ಸಂಬಂಧಿಕರ ಮೂಲಕವೇ ಮೊದಲ ಕೆಲಸ ಸಿಕ್ಕಿದ್ದರಿಂದ ಈ ಪ್ರಶ್ನೆ ಸಹಜವೇ. ಆದರೆ ವಿಮಾನಯಾನ ಸಂಸ್ಥೆಗಳ ಕೆಡೆಟ್ ಪೈಲಟ್ ಆಯ್ಕೆಯಲ್ಲಿ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಕಂಪ್ಯೂಟರಿನ ಮುಂದೆ ಕುಳಿತು ಬರೆಯುವ ಸಾಮರ್ಥ್ಯ ಪರೀಕ್ಷೆಗೆ ಅಭ್ಯರ್ಥಿ ಯಾರ ಮಗ, ಯಾರ ಮಗಳು ಎಂಬುದು ತಿಳಿಯುವುದಿಲ್ಲ. ಅಸಮಾನತೆ ಇರುವುದು ಪರೀಕ್ಷೆಯ ಹಿಂದೆ ಮತ್ತು ಮುಂದೆ. ಸರಿಯಾದ ಮಾಹಿತಿ ಯಾರಿಗೆ ಬೇಗ ತಲುಪುತ್ತದೆ, ಕೋಟಿಯ ಆಸುಪಾಸಿನ ಹಣವನ್ನು ಯಾರು ಹೊಂದಿಸಬಲ್ಲರು, ಇಂಗ್ಲಿಷಿನಲ್ಲಿ ಅಳುಕದೆ ಮಾತನಾಡುವ ಅಭ್ಯಾಸ ಯಾರಿಗಿದೆ, ಸಹಿ ಹಾಕುವ ಕರಾರನ್ನು ಯಾರು ಸರಿಯಾಗಿ ಓದಿಕೊಂಡಿದ್ದಾರೆ ಎಂಬಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಅಂತರ ಬೀಳುತ್ತದೆ. ಈ ಅಂತರವನ್ನು ಅಭ್ಯರ್ಥಿಯೂ ಮನೆಯವರೂ ಸೇರಿ ಬಹುಮಟ್ಟಿಗೆ ತುಂಬಿಕೊಳ್ಳಬಹುದು ಎಂಬ ನಂಬಿಕೆಯಿಂದ ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ.

ಎರಡು ದಾರಿ, ಎರಡು ಬಗೆಯ ಸ್ಪರ್ಧೆ

ಪೈಲಟ್ ಆಗಲು ನಮ್ಮಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಸ್ವಂತ ಖರ್ಚಿನಲ್ಲಿ ಯಾವುದಾದರೂ ಮಾನ್ಯತೆ ಪಡೆದ ಫ್ಲೈಯಿಂಗ್ ಸ್ಕೂಲಿನಲ್ಲಿ ಕಲಿತು, ವಾಣಿಜ್ಯ ಪೈಲಟ್ ಪರವಾನಗಿ ಅಂದರೆ ಸಿಪಿಎಲ್ ಪಡೆದು, ಸಂಸ್ಥೆಗಳು ಜಾಹೀರಾತು ಕೊಟ್ಟಾಗ ಅರ್ಜಿ ಹಾಕುವುದು. ಇನ್ನೊಂದು ಕೆಡೆಟ್ ಯೋಜನೆ. ಇದರಲ್ಲಿ ವಿಮಾನಯಾನ ಸಂಸ್ಥೆಯೇ ಅಭ್ಯರ್ಥಿಗಳನ್ನು ಮೊದಲು ಪರೀಕ್ಷಿಸಿ ಆಯ್ದು, ತನ್ನ ಜೊತೆ ಒಪ್ಪಂದವಿರುವ ದೇಶದ ಅಥವಾ ವಿದೇಶದ ಶಾಲೆಗೆ ಕಳುಹಿಸಿ, ಎಲ್ಲ ಹಂತಗಳನ್ನು ದಾಟಿದವರನ್ನು ಕಿರಿಯ ಫಸ್ಟ್ ಆಫೀಸರ್ ಅಂದರೆ ಸಹಪೈಲಟ್ ಆಗಿ ಸೇರಿಸಿಕೊಳ್ಳುತ್ತದೆ. ಎರಡರಲ್ಲಿಯೂ ತರಬೇತಿಯ ಖರ್ಚು ಸಾಮಾನ್ಯವಾಗಿ ಅಭ್ಯರ್ಥಿಯದ್ದೇ.

ಸ್ಪರ್ಧೆಯ ದೃಷ್ಟಿಯಿಂದ ನೋಡಿದರೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸವಿದೆ. ಕೆಡೆಟ್ ಯೋಜನೆಯಲ್ಲಿ ಸೋಸುವಿಕೆ ಬಾಗಿಲಲ್ಲಿಯೇ ನಡೆಯುವುದರಿಂದ ತಿರಸ್ಕೃತನಾದವನು ಅರ್ಜಿ ಶುಲ್ಕವನ್ನೂ ಕೆಲವು ತಿಂಗಳುಗಳನ್ನೂ ಮಾತ್ರ ಕಳೆದುಕೊಳ್ಳುತ್ತಾನೆ. ಮೊದಲನೆಯ ದಾರಿಯಲ್ಲಿ ಸೋಸುವಿಕೆ ನಡೆಯುವುದು ಹಣವೆಲ್ಲ ಖರ್ಚಾದ ಮೇಲೆ, ಪರವಾನಗಿ ಕೈಯಲ್ಲಿದ್ದು ಸಾಲದ ಕಂತು ಶುರುವಾದ ಮೇಲೆ. ಆದ್ದರಿಂದ ಕೆಡೆಟ್ ಆಯ್ಕೆ ಎಷ್ಟೇ ಕಠಿಣವೆನಿಸಿದರೂ ಮಧ್ಯಮ ವರ್ಗದ ಕುಟುಂಬಕ್ಕೆ ಅದು ಹೆಚ್ಚು ನ್ಯಾಯಯುತವಾದ ಪರೀಕ್ಷೆ ಎಂದೇ ನನ್ನ ಅಭಿಪ್ರಾಯ. ಕೆಡೆಟ್ ದಾರಿಯನ್ನೇ ಹಿಡಿಯದವರು ಕೂಡ, ಶಾಲೆಗೆ ಹಣ ಕಟ್ಟುವ ಮೊದಲು ಇಂಥ ಒಂದು ಸಾಮರ್ಥ್ಯ ಪರೀಕ್ಷೆಯನ್ನು ಬರೆದು ತಮ್ಮ ಮಟ್ಟವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಸ್ಪರ್ಧೆಯ ಪ್ರಮಾಣವನ್ನು ಅಂದಾಜು ಮಾಡುವಾಗ ವಿಮಾನಗಳ ಖರೀದಿಯ ಸುದ್ದಿಯೊಂದನ್ನೇ ನಂಬಬಾರದು. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೂ, ಅದೇ ವರ್ಷದ ಜೂನ್‌ನಲ್ಲಿ ಇಂಡಿಗೊ 500 ವಿಮಾನಗಳಿಗೂ ಬೇಡಿಕೆ ಸಲ್ಲಿಸಿದ್ದು ನಿಜ. ಆದರೆ ಅವೆಲ್ಲ ಹಲವು ವರ್ಷಗಳಲ್ಲಿ ಒಂದೊಂದಾಗಿ ಬರುವಂಥವು. ಇತ್ತ ಪರವಾನಗಿ ಕೊಡುವ ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅಂದರೆ ಡಿಜಿಸಿಎ 2022ರಲ್ಲಿ 1,165, 2023ರಲ್ಲಿ 1,622 ಸಿಪಿಎಲ್‌ಗಳನ್ನು ನೀಡಿದೆ. ಇದರ ಮೇಲೆ, 2012ರಲ್ಲಿ ಕಿಂಗ್‌ಫಿಷರ್, 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗಲೆಲ್ಲ ನೂರಾರು ಅನುಭವಿ ಪೈಲಟ್‌ಗಳು ಒಮ್ಮೆಲೇ ಕೆಲಸ ಹುಡುಕತೊಡಗಿದರು. ಹೊಸಬನು ಸ್ಪರ್ಧಿಸಬೇಕಾದದ್ದು ತನ್ನ ವಯಸ್ಸಿನವರೊಂದಿಗೆ ಮಾತ್ರವಲ್ಲ. ಇಂದು ತರಬೇತಿ ಆರಂಭಿಸುವವನು ಎರಡು ವರ್ಷಗಳ ನಂತರದ ಮಾರುಕಟ್ಟೆಗೆ ಇಳಿಯುತ್ತಾನೆ ಎಂಬುದನ್ನು ಮನೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಬೇಕು.

ಮೂರನೆಯ ಬಾಗಿಲೊಂದಿದೆ. ಉತ್ತರಪ್ರದೇಶದ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರ್ಕಾರದ್ದು. ಅಲ್ಲಿ ಅಖಿಲ ಭಾರತ ಪ್ರವೇಶ ಪರೀಕ್ಷೆಯೂ ಮೀಸಲಾತಿಯೂ ಇವೆ. ಖಾಸಗಿ ಸಂಸ್ಥೆಗಳ ಕೆಡೆಟ್ ಯೋಜನೆಗಳಿಗೆ ಈ ಮೀಸಲಾತಿ ಅನ್ವಯಿಸುವುದಿಲ್ಲ. ಕರ್ನಾಟಕದಿಂದ ಬಂದು ಮಹಾರಾಷ್ಟ್ರದಲ್ಲಿ ಅಥವಾ ಗೋವಾದಲ್ಲಿ ನೆಲೆಸಿದ ಕುಟುಂಬಗಳು ಮೀಸಲಾತಿ ಕೋರುವುದಾದರೆ, ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರವನ್ನು ಯಾವ ರಾಜ್ಯದಿಂದ ಪಡೆಯಬೇಕೆಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಅರ್ಜಿಯ ಕೊನೆಯ ವಾರದಲ್ಲಿ ಆಗುವ ಕೆಲಸ ಅದಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಸಿಪಿಎಲ್ ತರಬೇತಿಯೂ ಸೇರಿದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಹೆಸರು, ಅಂಕಪಟ್ಟಿ, ಅರ್ಹತೆ

ಸಿಪಿಎಲ್‌ಗೆ 18 ವರ್ಷ ತುಂಬಿರಬೇಕು, ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಬೇಕು. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯಗಳನ್ನು ಬರೆದು ಅರ್ಹತೆ ಪಡೆಯಬಹುದು. ಆದರೆ ಕೆಡೆಟ್ ಯೋಜನೆಗಳು ಈ ವಿಷಯಗಳಲ್ಲಿ ಇಂತಿಷ್ಟು ಶೇಕಡಾ ಅಂಕವಿರಬೇಕೆಂದು ತಮ್ಮದೇ ಷರತ್ತು ಹಾಕುವುದುಂಟು. ಡಿಜಿಸಿಎಯ ಕನಿಷ್ಠ ಅರ್ಹತೆ ಬೇರೆ, ಸಂಸ್ಥೆಯ ಕನಿಷ್ಠ ಅರ್ಹತೆ ಬೇರೆ. ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಬೇಕು.

ಇಲ್ಲಿನ ಕನ್ನಡಿಗರಿಗೆ ವಿಶೇಷವಾಗಿ ತೊಡಕಾಗುವುದು ಹೆಸರು. ಮಹಾರಾಷ್ಟ್ರ ಮಂಡಳಿಯ ಅಂಕಪಟ್ಟಿಯಲ್ಲಿ ಮೊದಲು ಅಡ್ಡಹೆಸರು, ನಂತರ ಸ್ವಂತ ಹೆಸರು, ಆಮೇಲೆ ತಂದೆಯ ಹೆಸರು ಬರುತ್ತದೆ. ನಮ್ಮಲ್ಲಿ ಅನೇಕರ ಜನನ ಪ್ರಮಾಣಪತ್ರ ಕರ್ನಾಟಕದ್ದಾಗಿದ್ದು, ಅದರಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ, ಅಡ್ಡಹೆಸರೇ ಇರುವುದಿಲ್ಲ. ಪಾಸ್‌ಪೋರ್ಟ್ ಮಾಡಿಸುವಾಗ ಮೂರನೆಯ ರೂಪವೊಂದು ಹುಟ್ಟಿಕೊಳ್ಳುತ್ತದೆ. ಡಿಜಿಸಿಎ ಪರೀಕ್ಷೆ ಬರೆಯಲು ಬೇಕಾದ ಕಂಪ್ಯೂಟರ್ ಸಂಖ್ಯೆಗೆ, ಅಂದರೆ ಅಭ್ಯರ್ಥಿಯ ನೋಂದಣಿ ಸಂಖ್ಯೆಗೆ, ಅರ್ಜಿ ಹಾಕುವಾಗ ಅಂಕಪಟ್ಟಿಯ ಜೊತೆಗೆ ಮಂಡಳಿಯಿಂದ ಅದರ ನೈಜತೆಯ ದೃಢೀಕರಣವನ್ನೂ ಕೊಡಬೇಕಾಗುತ್ತದೆ. ಹತ್ತನೆಯ, ಹನ್ನೆರಡನೆಯ ತರಗತಿಯ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಈ ನಾಲ್ಕರಲ್ಲಿಯೂ ಹೆಸರಿನ ಅಕ್ಷರಗಳೂ ಅನುಕ್ರಮವೂ ಒಂದೇ ಆಗಿರುವಂತೆ ಮಾಡಿಕೊಳ್ಳಲು ಬೇಕಾದರೆ ರಾಜ್ಯಪತ್ರದಲ್ಲಿ ಪ್ರಕಟಣೆ ಕೊಡಿಸಿ, ಅರ್ಜಿಗೆ ಆರು ತಿಂಗಳ ಮೊದಲೇ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ. ಅಂಕ ಚೆನ್ನಾಗಿದ್ದೂ ಕಾಗದಪತ್ರದ ಗೊಂದಲದಿಂದ ಒಂದು ತಂಡದಲ್ಲಿ (ಬ್ಯಾಚ್) ಸೇರುವ ಅವಕಾಶವನ್ನು ತಪ್ಪಿಸಿಕೊಳ್ಳುವಂಥ ನಷ್ಟ ಇನ್ನೊಂದಿಲ್ಲ.

ಮೊದಲು ವೈದ್ಯಕೀಯ ತಪಾಸಣೆ, ನಂತರ ಹಣ

ಯಾರು ಎಷ್ಟೇ ಆತುರ ಪಡಿಸಿದರೂ ವೈದ್ಯಕೀಯ ತಪಾಸಣೆಗೆ ಮುಂಚೆ ದೊಡ್ಡ ಮೊತ್ತ ಕಟ್ಟಬಾರದು. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಿಂದ ಮೊದಲು ಕ್ಲಾಸ್ 2, ಅನಂತರ ಸಿಪಿಎಲ್‌ಗೆ ಅಗತ್ಯವಾದ ಕ್ಲಾಸ್ 1 ತಪಾಸಣೆ ಆಗಬೇಕು. ಪ್ರಥಮ ಕ್ಲಾಸ್ 1 ತಪಾಸಣೆ ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯೂ ಒಂದು. ಊರಿನಲ್ಲಿ ಬಂಧುಗಳಿರುವ ನಮ್ಮವರಿಗೆ ಅದು ಅನುಕೂಲ. ‘ತಾತ್ಕಾಲಿಕವಾಗಿ ಅನರ್ಹ’ ಎಂಬ ಫಲಿತಾಂಶ ಬಂದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ಮರುಪರಿಶೀಲನೆಗೆ ಅವಕಾಶವಿದೆ. ತೂಕದಂಥ ಕಾರಣಗಳನ್ನು ಸರಿಪಡಿಸಿಕೊಂಡು ಮತ್ತೆ ಹೋಗಬಹುದು. ಹಿಂದಿನ ಕಾಯಿಲೆಯನ್ನು ಮುಚ್ಚಿಡುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಅದು ಪ್ರಯಾಣಿಕರ ಜೀವದ ಪ್ರಶ್ನೆ, ಮತ್ತು ಮುಂದೆ ಹೊರಬಿದ್ದಾಗ ಪರವಾನಗಿಯನ್ನೇ ಕಳೆಯುವಂಥದ್ದು.

ಸಾಮರ್ಥ್ಯ ಪರೀಕ್ಷೆ ಅಳೆಯುವುದೇನನ್ನು?

ಜಗತ್ತಿನಾದ್ಯಂತ ಕಂಪಾಸ್, ಅಡಾಪ್ಟ್, ಪೈಲ್ಯಾಪ್ಟ್ ಮೊದಲಾದ ಹೆಸರಿನ ಪರೀಕ್ಷಾ ವ್ಯವಸ್ಥೆಗಳು ಬಳಕೆಯಲ್ಲಿವೆ. ವಿಮಾನಯಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಅಯಾಟಾ ಇಂಥ ಪರೀಕ್ಷೆಗಳು ಹೇಗಿರಬೇಕೆಂದು ಮಾರ್ಗಸೂಚಿಯನ್ನೂ ಪ್ರಕಟಿಸಿದೆ. ಹೆಸರು ಯಾವುದಾದರೂ ಅಳೆಯುವ ಗುಣಗಳು ಹೆಚ್ಚು ಕಡಿಮೆ ಒಂದೇ: ಜಾಯ್‌ಸ್ಟಿಕ್ ಮತ್ತು ಪೆಡಲ್ ಬಳಸುವಾಗ ಕೈ, ಕಾಲು, ಕಣ್ಣುಗಳ ಹೊಂದಾಣಿಕೆ, ಅಂಕೆ-ಅಕ್ಷರಗಳ ಸಂಕೇತವನ್ನು ನೆನಪಿಟ್ಟುಕೊಳ್ಳುವುದು, ಮನಸ್ಸಿನಲ್ಲೇ ಲೆಕ್ಕ ಮಾಡುವುದು, ದಿಕ್ಕಿನ ಗ್ರಹಿಕೆ, ಮತ್ತು ಒಂದರ ಮೇಲೊಂದು ಕೆಲಸ ಬಂದಾಗ ಮುಖ್ಯವಾದದ್ದನ್ನು ಮೊದಲು ಮಾಡುವ ವಿವೇಕ.

ಅಂಕ ಕೊಡುವ ಕ್ರಮ ತಿಳಿದಿದ್ದರೆ ಅನೇಕ ಅನುಮಾನಗಳು ತಾವಾಗಿ ಕರಗುತ್ತವೆ. ಇಂಥ ಪರೀಕ್ಷೆಗಳಲ್ಲಿ ನೂರಕ್ಕೆ ಇಷ್ಟು ಎನ್ನುವ ಬದಲು ‘ಸ್ಟೇನೈನ್’ ಎಂಬ 1ರಿಂದ 9ರವರೆಗಿನ ಶ್ರೇಣಿಯನ್ನು ಬಳಸುವುದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ವಾಯುದಳ ವೈಮಾನಿಕರನ್ನು ಆರಿಸಲು ಬಳಕೆಗೆ ತಂದ ಕ್ರಮ ಇದು. ಹೋಲಿಕೆಯ ಗುಂಪಿನ ನೂರು ಮಂದಿಯಲ್ಲಿ 20 ಮಂದಿ ನಡುವಿನ 5ರಲ್ಲಿರುತ್ತಾರೆ. 4 ಮತ್ತು 6ರಲ್ಲಿ ತಲಾ 17, 3 ಮತ್ತು 7ರಲ್ಲಿ ತಲಾ 12, 2 ಮತ್ತು 8ರಲ್ಲಿ ತಲಾ 7, ಎರಡು ತುದಿಗಳಾದ 1 ಮತ್ತು 9ರಲ್ಲಿ ತಲಾ 4 ಮಂದಿ ಇರುತ್ತಾರೆ. ಇದರಿಂದ ತಿಳಿಯಬೇಕಾದದ್ದು ಎರಡು. ಅಭ್ಯರ್ಥಿಯ ಅಂಕ ಅವನ ಉತ್ತರಗಳಿಂದ ಮಾತ್ರ ನಿರ್ಧಾರವಾಗುವುದಿಲ್ಲ, ಯಾರೊಂದಿಗೆ ಹೋಲಿಸುತ್ತಾರೆ ಎಂಬುದರಿಂದಲೂ ನಿರ್ಧಾರವಾಗುತ್ತದೆ. ಆದ್ದರಿಂದ ಆ ಹೋಲಿಕೆಯ ಗುಂಪು ಯಾವುದೆಂದು ಸಂಸ್ಥೆಯನ್ನು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಎರಡನೆಯದಾಗಿ, ಪ್ರತಿ ವಿಭಾಗದಲ್ಲೂ ಕನಿಷ್ಠ ಮಟ್ಟವನ್ನು ನಿಗದಿಪಡಿಸಿರುವ ಕಡೆ ಗಣಿತದ 9 ನೆನಪಿನ ಶಕ್ತಿಯ 2ನ್ನು ಸರಿದೂಗಿಸುವುದಿಲ್ಲ. ಹೀಗಾಗಿ ಬಲವಾದ ವಿಷಯವನ್ನು ಇನ್ನಷ್ಟು ಬಲಪಡಿಸುವುದಕ್ಕಿಂತ ದುರ್ಬಲವಾದದ್ದನ್ನು ನಡುಮಟ್ಟಕ್ಕೆ ಎತ್ತುವುದೇ ಸರಿಯಾದ ತಯಾರಿ.

ತಯಾರಿಗೆ ದುಬಾರಿ ಸಾಧನಗಳು ಬೇಕಿಲ್ಲ. ಸಾಧಾರಣ ಜಾಯ್‌ಸ್ಟಿಕ್ ಒಂದು, ದಿನಕ್ಕೆ ಮುಕ್ಕಾಲು ಗಂಟೆಯ ಶಿಸ್ತು ಇದ್ದರೆ ಸಾಕು. ಮನೋಗಣಿತಕ್ಕೆ ಹಾರಾಟದ ಲೆಕ್ಕಗಳನ್ನೇ ಬಳಸಿರಿ: 120 ನಾಟ್ (ಗಂಟೆಗೆ 120 ನಾಟಿಕಲ್ ಮೈಲಿ) ವೇಗದ ವಿಮಾನ ನಿಮಿಷಕ್ಕೆ 2 ನಾಟಿಕಲ್ ಮೈಲಿ ಕ್ರಮಿಸುವುದರಿಂದ 45 ಮೈಲಿಗೆ ಇಪ್ಪತ್ತೆರಡೂವರೆ ನಿಮಿಷ ಬೇಕು, ಸಾವಿರ ಅಡಿ ಇಳಿಯಲು ಸುಮಾರು 3 ಮೈಲಿ ಎಂಬ ರೂಢಿಯ ಸೂತ್ರದಂತೆ 30,000 ಅಡಿ ಇಳಿಯಲು ಸುಮಾರು 90 ಮೈಲಿ ಬೇಕು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡಿದ್ದ ಅಜ್ಜ-ಅಜ್ಜಿಯರು ಮನೆಯಲ್ಲಿದ್ದರೆ ಮಕ್ಕಳು ಅವರ ಬಳಿ ಕುಳಿತು ಆ ಮಗ್ಗಿಗಳನ್ನು ಕಲಿಯಲಿ. ಇಲ್ಲಿ ಬೇಕಾಗುವುದು ಅದೇ ವೇಗ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಲೆಕ್ಕ ಮಾಡುವ ರೂಢಿಯವರಿಗೆ ಹೆಡ್‌ಫೋನಿನಲ್ಲಿ ಇಂಗ್ಲಿಷ್ ಅಂಕೆಗಳು ವೇಗವಾಗಿ ಬಂದಾಗ ಮನಸ್ಸಿನಲ್ಲಿ ಅನುವಾದಕ್ಕೇ ಸಮಯ ಹೋಗುತ್ತದೆ. ಆರೇಳು ಅಂಕೆಗಳ ಸಾಲುಗಳನ್ನು ಇಂಗ್ಲಿಷಿನಲ್ಲಿ ಯಾರಿಂದಲಾದರೂ ಓದಿಸಿ, ಹಿಂದುಮುಂದಾಗಿ ಹೇಳುವ ಅಭ್ಯಾಸವನ್ನು ಕನಿಷ್ಠ ಎರಡು ತಿಂಗಳು ಮಾಡಬೇಕು.

ಸೋರಿಕೆಯಾದ ಪ್ರಶ್ನೆಗಳೆಂದು ಮಾರುವ ಕಡತಗಳನ್ನು ಕೊಳ್ಳಬಾರದು. ಅದು ಉಳಿದವರಿಗೆ ಮಾಡುವ ಅನ್ಯಾಯ. ವ್ಯಕ್ತಿತ್ವ ಪರೀಕ್ಷೆಯಲ್ಲಿಯೂ ‘ಸರಿಯಾದ ಉತ್ತರ’ ಎಂದು ಯಾರೋ ಹೇಳಿಕೊಟ್ಟದ್ದನ್ನು ತುಂಬಬಾರದು. ಒಂದೇ ವಿಷಯವನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿ ಉತ್ತರಗಳ ಹೊಂದಿಕೆಯನ್ನು ಪರಿಶೀಲಿಸುವ ವ್ಯವಸ್ಥೆ ಅದರಲ್ಲಿರುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿಗಳಿಂದ ಪರವಾನಗಿ ಪಡೆದವರ ಪ್ರಕರಣಗಳು ಹೊರಬಂದು ಪೈಲಟ್‌ಗಳ ಬಂಧನವಾದಾಗ, ಪ್ರಾಮಾಣಿಕವಾಗಿ ಓದಿದ ಒಂದು ಇಡೀ ತಂಡದ ಯುವಕರ ಮೇಲೂ ಅನುಮಾನದ ನೆರಳು ಬಿದ್ದಿತು.

ಇಂಗ್ಲಿಷ್, ಗುಂಪು ಚಟುವಟಿಕೆ, ಸಂದರ್ಶನ

ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಓದಿದವರು ತಮ್ಮ ಉಚ್ಚಾರಣೆಯ ಬಗ್ಗೆ ಅನಗತ್ಯವಾಗಿ ನಾಚಿಕೊಳ್ಳುತ್ತಾರೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ ಭಾಷಾ ಮಾನದಂಡ ಉಚ್ಚಾರಣೆ, ವಾಕ್ಯರಚನೆ, ಶಬ್ದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ಅಂಗಗಳನ್ನು ಅಳೆದು, ಅವುಗಳಲ್ಲಿ ಅತ್ಯಂತ ಕಡಿಮೆ ಬಂದದ್ದನ್ನೇ ಒಟ್ಟು ಮಟ್ಟವೆಂದು ಪರಿಗಣಿಸುತ್ತದೆ. ಆರು ಮಟ್ಟಗಳಲ್ಲಿ ನಾಲ್ಕನೆಯದು ಸಾಕು. ಮಾತೃಭಾಷೆಯ ಛಾಯೆ ಉಚ್ಚಾರಣೆಯಲ್ಲಿರುವುದು ದೋಷವಲ್ಲ. ಅರ್ಥಕ್ಕೆ ಅಡ್ಡಿಯಾದಾಗ ಮಾತ್ರ ಅದು ದೋಷ. ಪರಕೀಯ ಉಚ್ಚಾರಣೆಯನ್ನು ಅನುಕರಿಸುವ ಬದಲು ನಿಧಾನವಾಗಿ, ಪದಗಳ ಕೊನೆಯ ವ್ಯಂಜನವನ್ನು ಸ್ಪಷ್ಟವಾಗಿ ನಿಲ್ಲಿಸಿ ಮಾತನಾಡುವುದನ್ನು ಕಲಿತರೆ ಹೆಚ್ಚು ಫಲವಿದೆ. ರೇಡಿಯೊ ಸಂಭಾಷಣೆಯಲ್ಲಿ ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಎಂದು ಹೇಳುವ ಪದ್ಧತಿಯ ಉದ್ದೇಶವೂ ಯಾರ ಬಾಯಲ್ಲಿ ಬಂದರೂ ಅಂಕೆ ತಪ್ಪದಿರಲಿ ಎಂಬುದೇ.

ಗುಂಪು ಚಟುವಟಿಕೆಯಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಅದರ ಕಾರಣ ತಿಳುವಳಿಕೆಯ ಕೊರತೆಯಲ್ಲ. ಹಿರಿಯರಿಗೆ ಎದುರು ಮಾತನಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ ನಾಲ್ಕು ಜನರ ನಡುವೆ ಒಬ್ಬನ ನಿರ್ಧಾರ ತಪ್ಪೆಂದು ಹೇಳಲು ನಾಲಿಗೆ ಏಳುವುದಿಲ್ಲ. ಕಾಕ್‌ಪಿಟ್‌ನಲ್ಲಿ ಅದನ್ನು ಹೇಳುವುದೇ ಫಸ್ಟ್ ಆಫೀಸರನ ಕರ್ತವ್ಯ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಬದುಕಿದವರು ಎಂಟೇ ಮಂದಿ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕೆಂದು ಫಸ್ಟ್ ಆಫೀಸರ್ ಮೂರು ಬಾರಿ ಹೇಳಿದರೂ ಕ್ಯಾಪ್ಟನ್ ಇಳಿಯುವುದನ್ನು ಮುಂದುವರಿಸಿದ್ದನ್ನು ತನಿಖಾ ವರದಿ ದಾಖಲಿಸಿದೆ. ಮುಂಬಯಿಯ ತುಳು-ಕನ್ನಡ ಸಮಾಜಕ್ಕೆ ಆ ದುಃಖದ ಪರಿಚಯ ಮಾಡಿಸಬೇಕಾಗಿಲ್ಲ. ಮರ್ಯಾದೆ ಬಿಡದೆ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ‘ಇದು ಸರಿಯಲ್ಲ’ ಎಂದು ಹೇಳಬಲ್ಲವನು ಯಾರು, ಹಾಗೆ ಹೇಳಿಸಿಕೊಂಡಾಗ ಸಿಟ್ಟಾಗದೆ ಯೋಚಿಸಬಲ್ಲವನು ಯಾರು ಎಂಬುದನ್ನು ಆಯ್ಕೆಗಾರರು ಆ ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಹುಡುಕುತ್ತಿರುತ್ತಾರೆ. ಜೋರಾಗಿ ಮಾತನಾಡಿ ಎಲ್ಲರನ್ನೂ ಮೀರಿಸುವವನು ಅವರಿಗೆ ಬೇಕಾಗಿಲ್ಲ.

ಇದನ್ನು ಒಬ್ಬರೇ ಕುಳಿತು ಕಲಿಯಲಾಗದು. ಮಾಟುಂಗದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ, ಗೋವಾದ ನಮ್ಮ ಸಂಘಗಳು ನಾಟಕ, ಉಪನ್ಯಾಸಗಳಿಗೆ ಜಾಗ ಕೊಡುತ್ತ ಬಂದಿವೆ. ಭಾನುವಾರದ ಬೆಳಿಗ್ಗೆ ಐದಾರು ಅಭ್ಯರ್ಥಿಗಳು ಕಲೆತು, ಸೀಮಿತ ಸಮಯದಲ್ಲಿ ಒಂದು ಸಮಸ್ಯೆಯನ್ನು ಇಂಗ್ಲಿಷಿನಲ್ಲಿ ಚರ್ಚಿಸಿ ಬಿಡಿಸುವುದಕ್ಕೂ, ವಿಮಾನಯಾನದಲ್ಲಿ ಅಥವಾ ನೇಮಕಾತಿಯಲ್ಲಿ ದುಡಿದ ಹಿರಿಯರೊಬ್ಬರು ಬದಿಯಲ್ಲಿ ಕುಳಿತು ಗಮನಿಸಿ ಹೇಳುವುದಕ್ಕೂ ಅದೇ ಜಾಗವನ್ನು ಕೇಳಬಹುದು. ಗುರುತಿನವರಿಂದ ನಿಜವಾಗಿ ಸಿಗಬಹುದಾದ ಸಹಾಯ ಇದು, ಮತ್ತು ಇದರಿಂದ ಯಾರ ಅವಕಾಶವೂ ಕಸಿದುಹೋಗುವುದಿಲ್ಲ.

ಸಂದರ್ಶನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಮನಬಂದಂತೆ ಹರಟುವ ಸಂದರ್ಶನಕ್ಕಿಂತ ನಂಬಲರ್ಹ. ದೊಡ್ಡ ಸಂಸ್ಥೆಗಳಲ್ಲಿ ‘ನೀವು ಒತ್ತಡದಲ್ಲಿ ನಿರ್ಧಾರ ಕೈಗೊಂಡ ಸಂದರ್ಭವನ್ನು ಹೇಳಿ’ ಎಂಬಂಥ ಪ್ರಶ್ನೆಗಳು ಬರುವುದು ಇದೇ ಕಾರಣಕ್ಕೆ. ಅಪ್ಪನ ಹೋಟೆಲಿನ ಗಲ್ಲೆಯಲ್ಲಿ ಕುಳಿತು ನಿಭಾಯಿಸಿದ ಒಂದು ಕಷ್ಟದ ಸಂಜೆ, ಸಾಲವಾಗಿ ತಂದ ಆದರ್ಶದ ಮಾತುಗಳಿಗಿಂತ ಒಳ್ಳೆಯ ಉತ್ತರ. ಹೆಣ್ಣುಮಕ್ಕಳ ಹೆತ್ತವರಿಗೆ ಒಂದು ಮಾತು: ಭಾರತದ ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಸುಮಾರು ಶೇ. 15 ಎಂದು ಸರ್ಕಾರ ಹೇಳಿದೆ. ಇದು ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಈ ಕ್ಷೇತ್ರ ಅವರಿಗಲ್ಲವೆಂಬ ಮಾತಿಗೆ ಆಧಾರವಿಲ್ಲ.

ಹಣ ಮತ್ತು ಕರಾರು

ಆಯ್ಕೆಯಾದ ಪತ್ರ ಕೈಗೆ ಬಂದ ದಿನವೇ ಅತಿ ಹೆಚ್ಚು ಎಚ್ಚರ ಬೇಕಾಗುವುದು. ಕೆಡೆಟ್ ಯೋಜನೆಯ ಖರ್ಚು, ಟೈಪ್ ರೇಟಿಂಗ್ ಅಂದರೆ ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ತರಬೇತಿಯೂ ಸೇರಿ, ಕೋಟಿ ರೂಪಾಯಿಯ ಆಸುಪಾಸಿಗೆ ಅಥವಾ ಅದಕ್ಕಿಂತ ಮೇಲೆ ಹೋಗುತ್ತದೆ. ಒಂದು ಕೋಟಿಯ ಸಾಲವನ್ನು ಶೇ. 10ರ ಬಡ್ಡಿಯಲ್ಲಿ 12 ವರ್ಷಗಳಿಗೆ ಹಂಚಿದರೆ ತಿಂಗಳ ಕಂತು ಸುಮಾರು 1 ಲಕ್ಷ 20 ಸಾವಿರ ರೂಪಾಯಿ. ತರಬೇತಿ ಮುಗಿದು ಕೆಲಸಕ್ಕೆ ಒಂದು ವರ್ಷ ಕಾಯಬೇಕಾಗಿ ಬಂದರೆ ಆ ವರ್ಷದ ಬಡ್ಡಿಯೇ 10 ಲಕ್ಷ. ಇಷ್ಟು ಮೊತ್ತದ ಶೈಕ್ಷಣಿಕ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಅಡಮಾನ ಕೇಳುತ್ತವೆ. ಊರಿನ ಕೃಷಿ ಭೂಮಿಯನ್ನು ಮುಂಬಯಿಯ ಶಾಖೆ ಅಡವಾಗಿ ಒಪ್ಪುತ್ತದೆಯೇ ಎಂಬುದನ್ನು ಅರ್ಜಿಗೆ ಮೊದಲೇ ವಿಚಾರಿಸಿಕೊಳ್ಳಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಡ್ಡಿಯ ಮೇಲೆ 80ಇ ಕಲಮಿನಡಿ ಎಂಟು ವರ್ಷಗಳವರೆಗೆ ವಿನಾಯಿತಿಯುಂಟು. ಡಿಜಿಸಿಎ ಮಾನ್ಯತೆಯ ಶಾಲೆಗಳು ನಡೆಸುವ ಮಾನ್ಯ ಹಾರಾಟ ತರಬೇತಿಗೆ ಜಿಎಸ್‌ಟಿ ಇಲ್ಲವೆಂದು 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿದೆ. ಶುಲ್ಕದ ಪಟ್ಟಿಯಲ್ಲಿ ಅದು ಕಂಡರೆ ಪ್ರಶ್ನಿಸಿ.

ಕರಾರನ್ನು ವಕೀಲರೊಬ್ಬರಿಂದ ಓದಿಸಿದ ಮೇಲೆಯೇ ಸಹಿ ಹಾಕಬೇಕು. ಕೊಟ್ಟಿರುವುದು ಕೆಲಸದ ಭರವಸೆಯೋ, ಷರತ್ತಿಗೊಳಪಟ್ಟ ಉದ್ದೇಶದ ಪತ್ರವೋ? ‘ಸಂಸ್ಥೆಯ ಅಗತ್ಯಕ್ಕೆ ಅನುಗುಣವಾಗಿ’ ಎಂಬ ಮಾತು ಅದರಲ್ಲಿದ್ದರೆ ನೇಮಕಾತಿ ನಿಂತಾಗ ಅಭ್ಯರ್ಥಿಯ ಗತಿಯೇನು? ತರಬೇತಿಯ ನಡುವೆ ಒಂದು ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದರೆ ಕಟ್ಟಿದ ಹಣದಲ್ಲಿ ಎಷ್ಟು ಮರಳುತ್ತದೆ? ನಿಗದಿತ ಗಂಟೆಗಳಿಗಿಂತ ಹೆಚ್ಚು ಹಾರಬೇಕಾದರೆ ಪ್ರತಿ ಗಂಟೆಗೆ ಎಷ್ಟು? ವೈದ್ಯಕೀಯವಾಗಿ ಅನರ್ಹನಾದರೆ ಏನಾಗುತ್ತದೆ? ಇವುಗಳಿಗೆ ಬಾಯಿಮಾತಿನ ಉತ್ತರ ಸಾಲದು, ಇಮೇಲ್‌ನಲ್ಲಿ ಬರೆದು ಬರಬೇಕು. ಸೇವಾ ಬಾಂಡ್, ಅಂದರೆ ಇಂತಿಷ್ಟು ವರ್ಷ ಕೆಲಸ ಬಿಡುವುದಿಲ್ಲವೆಂಬ ಮುಚ್ಚಳಿಕೆ, ಕೇವಲ ಹೆದರಿಕೆಗೆ ಇರುವುದು, ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು ಹೇಳುವವರಿದ್ದಾರೆ. ಆದರೆ 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷ ಪೂರೈಸದೆ ಬಿಟ್ಟವರು 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಬಾಂಡನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಶಾಲೆಯ ಆಯ್ಕೆ ಅಭ್ಯರ್ಥಿಯ ಕೈಯಲ್ಲಿದ್ದರೆ ಕಟ್ಟಡವನ್ನು ನೋಡದೆ ಹಾರಾಟಕ್ಕೆ ಸಿದ್ಧವಿರುವ ವಿಮಾನಗಳನ್ನು ಎಣಿಸಿ. 1928ರಲ್ಲಿ ಸ್ಥಾಪನೆಯಾದ, ಜೆ.ಆರ್.ಡಿ. ಟಾಟಾ ಅವರು ಹಾರಲು ಕಲಿತ ಬಾಂಬೆ ಫ್ಲೈಯಿಂಗ್ ಕ್ಲಬ್ ಜುಹೂವಿನಲ್ಲಿದ್ದರೂ ಅದರ ಹಾರಾಟ ತರಬೇತಿ ನಡೆಯುವುದು ಧುಳೆಯಲ್ಲಿ. ಪುಣೆಯವರಿಗೆ ಬಾರಾಮತಿ ಹತ್ತಿರ, ವಿದರ್ಭದಲ್ಲಿ ಗೋಂದಿಯಾ ಇದೆ. ಸಿಪಿಎಲ್‌ಗೆ ಬೇಕಾದ 200 ಗಂಟೆಗಳ ಹಾರಾಟದಲ್ಲಿ 100 ಗಂಟೆ ತಾನೇ ಮುಖ್ಯ ಪೈಲಟ್ ಆಗಿ ಹಾರಿರಬೇಕು, 300 ನಾಟಿಕಲ್ ಮೈಲಿಯ ಒಂದು ದೂರಪ್ರಯಾಣವನ್ನೂ ಪೂರೈಸಿರಬೇಕು. ಮಳೆಗಾಲದ ತಿಂಗಳುಗಳಲ್ಲಿ ಹಾರಾಟ ಕುಂಠಿತವಾಗುವುದರಿಂದ ಸೇರುವ ತಿಂಗಳೂ ಲೆಕ್ಕಕ್ಕೆ ಬರುತ್ತದೆ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳ ಶ್ರೇಯಾಂಕವನ್ನು ಪ್ರಕಟಿಸತೊಡಗಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾವ ಶಾಲೆಗೂ ಸಿಗಲಿಲ್ಲ ಎಂಬುದು ಗಮನಾರ್ಹ.

ಕೋಚಿಂಗ್ ಕೇಂದ್ರಗಳ ಬಗ್ಗೆಯೂ ಹೇಳಬೇಕು. ‘ಆಯ್ಕೆ ಖಚಿತ’ ಎಂದು ಹೇಳಿ ಹಣ ಕೇಳುವವರಿಂದ ದೂರವಿರಿ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೋಚಿಂಗ್ ಸಂಸ್ಥೆಗಳು ಆಯ್ಕೆಯ ಅಥವಾ ಉದ್ಯೋಗದ ಖಾತರಿಯನ್ನು ಜಾಹೀರಾತಿನಲ್ಲಿ ಕೊಡುವಂತಿಲ್ಲ, ಯಶಸ್ವಿ ಅಭ್ಯರ್ಥಿಯ ಫೋಟೊ ಹಾಕುವಾಗ ಆತ ತಮ್ಮಲ್ಲಿ ಯಾವ ಕೋರ್ಸನ್ನು ಎಷ್ಟು ಕಾಲ ಓದಿದನೆಂಬುದನ್ನೂ ತಿಳಿಸಬೇಕು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆಯ್ಕೆಯಾಗದಿದ್ದರೆ

ಮೊದಲು ಯಾವ ಹಂತದಲ್ಲಿ ನಿಂತಿತೆಂಬುದನ್ನು ಬರೆದಿಟ್ಟುಕೊಳ್ಳಿ. ಖಾಸಗಿ ಸಂಸ್ಥೆ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಆದರೂ ವಿಭಾಗವಾರು ಫಲಿತಾಂಶ ಮತ್ತು ಮರು ಅರ್ಜಿಗೆ ಎಷ್ಟು ತಿಂಗಳು ಕಾಯಬೇಕೆಂಬುದನ್ನು ಇಮೇಲ್ ಮೂಲಕ ಕೇಳಬಹುದು, ಕೆಲವು ಕಡೆ ಉತ್ತರವೂ ಬರುತ್ತದೆ. ಡಿಜಿಸಿಎ ಮತ್ತು ಫುರ್ಸತ್‌ಗಂಜ್‌ನ ಅಕಾಡೆಮಿ ಸಾರ್ವಜನಿಕ ಪ್ರಾಧಿಕಾರಗಳಾದ್ದರಿಂದ 10 ರೂಪಾಯಿ ಶುಲ್ಕದ ಅರ್ಜಿಯಿಂದ ನಿಮ್ಮ ಸ್ವಂತ ಅಂಕಗಳ ಮಾಹಿತಿಯನ್ನು ಕೋರಬಹುದು, 30 ದಿನಗಳೊಳಗೆ ಅವರು ಉತ್ತರ ಕೊಡಬೇಕು. ನಂತರದ ಪ್ರಯತ್ನಕ್ಕೆ ಕಾಯುವ ತಿಂಗಳುಗಳನ್ನು ಡಿಜಿಸಿಎ ಪರೀಕ್ಷೆಗಳಿಗೆ ಬಳಸಿಕೊಳ್ಳಿ. ಏರ್ ನ್ಯಾವಿಗೇಶನ್, ಹವಾಮಾನಶಾಸ್ತ್ರ, ವಾಯುಯಾನ ನಿಯಮಗಳು, ತಾಂತ್ರಿಕ ವಿಷಯ ಇವುಗಳಲ್ಲಿ ಉತ್ತೀರ್ಣರಾಗಲು ಶೇ. 70 ಅಂಕ ಬೇಕು. ಕಂಪ್ಯೂಟರ್ ಸಂಖ್ಯೆ ಇದ್ದವರು ಹಾರಾಟ ಆರಂಭಿಸುವ ಮೊದಲೇ, ಮನೆಯಲ್ಲಿದ್ದು ಓದಿಕೊಂಡು ಇವನ್ನು ಬರೆಯಬಹುದು, ಖರ್ಚು ಕಡಿಮೆ. ಮುಂದೆ ಕೆಡೆಟ್ ಯೋಜನೆಯಲ್ಲಿ ಸ್ಥಾನ ಸಿಕ್ಕರೂ, ಸ್ವಂತವಾಗಿ ಸಿಪಿಎಲ್ ಮಾಡುವುದೆಂದು ನಿರ್ಧರಿಸಿದರೂ ಓದಿದ್ದು ವ್ಯರ್ಥವಾಗುವುದಿಲ್ಲ. ಅತ್ಯಂತ ಕಷ್ಟವೆನಿಸುವ ನ್ಯಾವಿಗೇಶನ್‌ನಿಂದಲೇ ಆರಂಭಿಸಿ, ವೈದ್ಯಕೀಯ ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕವನ್ನು ಗುರುತು ಹಾಕಿಕೊಂಡು, ಮುಂದಿನ ಪರೀಕ್ಷಾ ಅವಧಿಗೆ ಹೆಸರು ನೋಂದಾಯಿಸಿ.